ಮಂತ್ರ ಮನೆಯೊಳಗೆ ಬರಬೇಕು

ಫ್ರೀರೆನ್ ಅನ್ನುವ ಅನಿಮೆಯ, ಅಂದರೆ ಜಪಾನಿನ ಅನಿಮೇಷನ್ ಸರಣಿಯ, ಮೂರನೇ ಎಪಿಸೋಡನ್ನು ನಾನು ನಾಲ್ಕು ಸಲ ನೋಡಿದ್ದೇನೆ. ಕ್ವಾಲ್ ಅಂತ ಒಬ್ಬ ರಾಕ್ಷಸ. ಮನುಷ್ಯರನ್ನು ಕೊಲ್ಲಲೆಂದೇ ಅವನು ಕಂಡುಹಿಡಿದ ಮಂತ್ರದ ಹೆಸರು ಜೋಲ್‌ಟ್ರಾಕ್. ಆ ಕಾಲದ ಯಾವ ಕವಚವೂ, ಯಾವ ರಕ್ಷಣೆಯ ಮಂತ್ರವೂ ಅದನ್ನು ತಡೆಯುತ್ತಿರಲಿಲ್ಲ. ಸೋಲಿಸಲು ಆಗದೆ ಮಂತ್ರಗಾತಿ ಫ್ರೀರೆನ್ ಮತ್ತು ಅವಳ ಜೊತೆಗಾರರು ಅವನಿಗೆ ಮುದ್ರೆ ಹಾಕಿ ಕಲ್ಲಿನ ಹಾಗೆ ನಿಲ್ಲಿಸಿ ಹೋಗಿರುತ್ತಾರೆ. 80 ವರ್ಷ ಆದ ಮೇಲೆ ಫ್ರೀರೆನ್ ತನ್ನ ಶಿಷ್ಯೆ ಫರ್ನ್ ಜೊತೆ ಅಲ್ಲಿಗೆ ಬಂದು ಮುದ್ರೆ ಬಿಡಿಸುತ್ತಾಳೆ. ಎದ್ದವನು ಮೊದಲು ಮಾಡುವ ಕೆಲಸ ಅದೇ ಮಂತ್ರ ಹೊಡೆಯುವುದು. ಫರ್ನ್ ಅದನ್ನು ತಡೆದು, ಇದು ಮಾಮೂಲಿ ದಾಳಿ ಮಂತ್ರ ಅಲ್ವಾ ಅನ್ನುತ್ತಾಳೆ.

ಅಲ್ಲಿ ನನಗೆ ಮೈ ಜುಂ ಅಂದಿತು. ಆ 80 ವರ್ಷ ಜನ ಸುಮ್ನೆ ಕೂತಿರಲಿಲ್ಲ. ಎಷ್ಟೋ ಜನರನ್ನು ಕೊಂದ ಮಂತ್ರವನ್ನೇ ಬಿಡಿಸಿ ನೋಡಿದರು, ತಡೆಯುವ ದಾರಿ ಕಂಡುಕೊಂಡರು, ಕೊನೆಗೆ ಅದನ್ನೇ ಪಾಠಕ್ಕೆ ಸೇರಿಸಿಕೊಂಡರು. ಫರ್ನ್ ವಯಸ್ಸಿನವರಿಗೆ ಅದೀಗ ದಿನಬಳಕೆಯ ವಸ್ತು. ಫ್ಯಾಂಟಸಿಯಲ್ಲಿ ನಾನು ಹುಡುಕುವುದು ಇದನ್ನೇ. ಮಂತ್ರ ಎಷ್ಟು ದೊಡ್ಡದು ಅನ್ನೋದು ಮುಖ್ಯ ಅಂತ ನನಗೆ ಅನ್ನಿಸುವುದಿಲ್ಲ. ಅದು ಜನರ ಮನೆಯೊಳಗೆ ಬಂದಿದೆಯಾ? ಅವರ ಊಟ, ಮದುವೆ, ಕೆಲಸ, ಸಾವು ಅದರಿಂದ ಬದಲಾಗಿದೆಯಾ? ಬದಲಾಗಿದ್ದರೆ ಆ ಲೋಕ ನಿಜ ಅನ್ನಿಸುತ್ತದೆ. ಇಲ್ಲದಿದ್ದರೆ ಎಷ್ಟೇ ಬೆಂಕಿ, ಎಷ್ಟೇ ಮಿಂಚು ತೋರಿಸಿದರೂ ಅರ್ಧಕ್ಕೇ ಬೇಜಾರು ಬರುತ್ತದೆ.

ಫ್ರೀರೆನ್ ಮೊದಲ ಸೀಸನ್ 28 ಎಪಿಸೋಡ್, 2023ರ ಕೊನೆಯಿಂದ 2024ರ ಮಾರ್ಚ್‌ವರೆಗೆ ಬಂತು. ಮಾಡಿದ್ದು ಮ್ಯಾಡ್‌ಹೌಸ್ ಸ್ಟುಡಿಯೋ. ಅದರಲ್ಲಿ ಮಂತ್ರಗಾರರ ಪರೀಕ್ಷೆಯ ಭಾಗ ಸ್ವಲ್ಪ ಜಾಸ್ತಿ ಆಯಿತು ಅಂತ ನನ್ನ ದೂರಿದೆ. ಆದರೆ ಸಾವಿರಾರು ವರ್ಷ ಬದುಕುವ ಫ್ರೀರೆನ್‌ಗೆ ಹತ್ತು ವರ್ಷದ ಗೆಳೆತನ ಅಂದರೆ ಎಷ್ಟು ಚಿಕ್ಕದು, ಹೋದ ಮೇಲೆ ಎಷ್ಟು ದೊಡ್ಡದು ಅನ್ನೋದನ್ನು ಇಷ್ಟು ಮೆಲ್ಲಗೆ ಹೇಳಿದ ಇನ್ನೊಂದು ಅನಿಮೆ ನಾನು ನೋಡಿಲ್ಲ.

ಈಗ ಜಗಳ ಬರುವ ವಿಷಯಕ್ಕೆ ಬರುತ್ತೇನೆ. ಸೋಲೋ ಲೆವೆಲಿಂಗ್. ಅನಿಮೆ ತೋರಿಸುವ ಕ್ರಂಚಿರೋಲ್ ಸಂಸ್ಥೆಯ 2025ರ ಪ್ರಶಸ್ತಿಯಲ್ಲಿ ವರ್ಷದ ಅನಿಮೆ ಆಗಿದ್ದು ಅದೇ. ಫೈಟ್‌ಗಳ ಅನಿಮೇಷನ್ ಬಗ್ಗೆ ನನ್ನ ಮಾತಿಲ್ಲ, ತುಂಬಾ ಚೆನ್ನಾಗಿದೆ, ಸವಾನೊ ಸಂಗೀತವೂ ಹಾಗೆಯೇ. ಆದರೆ ಊರ ಮಧ್ಯೆ ರಾಕ್ಷಸರ ಲೋಕಕ್ಕೆ ಬಾಗಿಲು ತೆರೆದುಕೊಳ್ಳುವ ಆ ಜಗತ್ತಿನಲ್ಲಿ ಮಾಮೂಲಿ ಜನ ಹೇಗೆ ಬದುಕುತ್ತಾರೆ ಅನ್ನೋದು ನಮಗೆ ಕಾಣುವುದು ತೀರಾ ಕಡಿಮೆ. ನಾಯಕ ಜಿನ್‌ವೂ ಗೇಮ್‌ನಲ್ಲಿ ಆಗುವ ಹಾಗೆ ಒಂದು ಲೆವೆಲ್ ಏರುತ್ತಾನೆ, ಎದುರಾಳಿ ಬೆಚ್ಚಿಬೀಳುತ್ತಾನೆ, ಮತ್ತೆ ಲೆವೆಲ್ ಏರುತ್ತಾನೆ. ಎರಡನೇ ಸೀಸನ್‌ನಲ್ಲಿ ವರ್ಷಗಟ್ಟಲೆ ನಿದ್ದೆಯಲ್ಲಿದ್ದ ತಾಯಿಗೆ ಅವನು ಔಷಧಿ ಕುಡಿಸುತ್ತಾನಲ್ಲ, ಅವಳು ಕಣ್ಣು ಬಿಟ್ಟಾಗ ಅಷ್ಟು ಗಟ್ಟಿ ಹುಡುಗ ಒಡೆದು ಅಳುತ್ತಾನಲ್ಲ, ನನಗೆ ಇಡೀ ಅನಿಮೆಯಲ್ಲಿ ಉಳಿದದ್ದು ಅದೊಂದೇ. ಅಷ್ಟು ಹೊತ್ತು ಗಳಿಸಿದ ಶಕ್ತಿ ಒಂದು ಆಸ್ಪತ್ರೆಯ ಹಾಸಿಗೆಯ ಹತ್ತಿರ ಬಂದಿತ್ತು. ಅಂಥದ್ದು ಇನ್ನೊಂದು ನಾಲ್ಕು ಸಿಕ್ಕಿದ್ದರೆ ನಾನೂ ಅದರ ಅಭಿಮಾನಿಗಳ ಜೊತೆ ಸೇರಿ ಶಿಳ್ಳೆ ಹೊಡೆಯುತ್ತಿದ್ದೆ.

ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಬಗ್ಗೆ ಬರೆಯದೆ ಇರಲು ನನ್ನಿಂದ ಆಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಬಂದ ಗೇಮ್. ಫ್ರಾನ್ಸಿನ ಸ್ಯಾಂಡ್‌ಫಾಲ್ ಅನ್ನುವ ಸಣ್ಣ ಸ್ಟುಡಿಯೋ ಮಾಡಿದ್ದು, ಮುಖ್ಯ ತಂಡದಲ್ಲಿ ಮೂವತ್ತು ಚಿಲ್ಲರೆ ಜನ. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ದೊಡ್ಡ ಪ್ರಶಸ್ತಿ ಇದಕ್ಕೇ ಹೋಯಿತು, ಹೋಗಲೇಬೇಕಿತ್ತು.

ಅದರ ಲೋಕದಲ್ಲಿ ಒಂದೇ ಒಂದು ನಿಯಮ. ಸಮುದ್ರದಾಚೆ ಒಂದು ದೊಡ್ಡ ಕಂಬ ಇದೆ, ವರ್ಷಕ್ಕೊಮ್ಮೆ ಒಬ್ಬ ಚಿತ್ರಗಾರ್ತಿ ಎದ್ದು ಅದರ ಮೇಲೆ ಹೊಸ ಸಂಖ್ಯೆ ಬರೆಯುತ್ತಾಳೆ, ಪ್ರತಿ ಸಲ ಒಂದು ಕಡಿಮೆ. ಆ ಸಂಖ್ಯೆಯಷ್ಟು ವಯಸ್ಸಾದವರೆಲ್ಲ ಅವತ್ತೇ ಹೂವಿನ ಎಸಳಾಗಿ ಗಾಳಿಯಲ್ಲಿ ಹೋಗುತ್ತಾರೆ. ಗೇಮ್ ಶುರುವಾಗುವುದು ಅಂಥ ದಿನವೇ. ಗುಸ್ತಾವ್ ಕೈಯಲ್ಲಿ ಒಂದು ಹೂವು ಹಿಡಿದು ಸೋಫಿಯನ್ನು ನೋಡಲು ಹೋಗುತ್ತಾನೆ. ಇಬ್ಬರೂ ಒಂದು ಕಾಲದಲ್ಲಿ ಜೊತೆಗಿದ್ದವರು. ಅವಳಿಗೆ 33. ಹೋಗುವವರ ಕೊರಳಲ್ಲೆಲ್ಲ ಹೂವಿನ ಹಾರ. ಬೀದಿಯಲ್ಲಿ ಜನ ನಗುತ್ತಾ ಮಾತಾಡುತ್ತಾರೆ, ಮಧ್ಯೆ ಮಾತು ನಿಂತುಹೋಗುತ್ತದೆ. ಇಂಥ ಊರಲ್ಲಿ ಮಕ್ಕಳನ್ನು ಹೆರಬೇಕಾ ಬೇಡವಾ ಅನ್ನುವ ವಾದ ಪ್ರತಿ ಮನೆಯಲ್ಲೂ ಇದೆ ಅಂತ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆಮೇಲೆ ಬಂದರಿನ ಕಟ್ಟೆಯ ಮೇಲೆ ಇಬ್ಬರೂ ನಿಂತಿರುತ್ತಾರೆ, ದೂರದಲ್ಲಿ 34 ಅಳಿಸಿ 33 ಬರುತ್ತದೆ. ನಾನು ಕಂಟ್ರೋಲರ್ ಕೆಳಗಿಟ್ಟು ಹಾಗೇ ಕೂತೆ. ಇನ್ನೂ ಒಂದು ಸರಿಯಾದ ಫೈಟ್ ಕೂಡ ಆಡಿರಲಿಲ್ಲ.

ಇಲ್ಲಿಂದ ಮುಂದೆ ಕಥೆಯ ಗುಟ್ಟು ಹೇಳುವುದಿಲ್ಲ. ಆಟದ ಬಗ್ಗೆ ಮಾತ್ರ. ಸರದಿ ಪ್ರಕಾರ ಹೊಡೆಯುವ ಗೇಮ್ ಆದರೂ ಶತ್ರುವಿನ ಸರದಿಯಲ್ಲಿ ನೀವು ಸರಿಯಾದ ಹೊತ್ತಿಗೆ ಬಟನ್ ಒತ್ತಿ ತಪ್ಪಿಸಿಕೊಳ್ಳಬೇಕು, ಇಲ್ಲ ಪ್ಯಾರಿ ಮಾಡಬೇಕು, ಅಂದರೆ ಏಟನ್ನು ತಡೆದು ತಿರುಗಿಸಬೇಕು, ಹಾಗಾಗಿ ಒಂದು ಕ್ಷಣವೂ ಕಣ್ಣು ಕೀಳುವ ಹಾಗಿಲ್ಲ. ದಾರಿಯುದ್ದಕ್ಕೂ ಆ ಚಿತ್ರಗಾರ್ತಿಯನ್ನು ತಡೆಯಲು ಹಿಂದೆ ಹೊರಟಿದ್ದ ತಂಡಗಳು ಬಿಟ್ಟುಹೋದ ದಿನಚರಿಗಳು ಸಿಗುತ್ತವೆ, ಎಲ್ಲವನ್ನೂ ಕೇಳಿ, ಒಂದನ್ನೂ ಬಿಡಬೇಡಿ. ಬೇಸರ ಎಲ್ಲಿ ಅಂದರೆ, ಒಳಗಿನ ಜಾಗಗಳಿಗೆ ದಾರಿ ತೋರಿಸುವ ಚಿಕ್ಕ ನಕ್ಷೆ (ಮಿನಿ ಮ್ಯಾಪ್) ಇಲ್ಲ, ಸುತ್ತಿದಲ್ಲೇ ಸುತ್ತುತ್ತೀರಿ. ಮೂರನೇ ಅಂಕದಲ್ಲಿ ಲೆಕ್ಕವೂ ತಪ್ಪಿದೆ. ಹೆಚ್ಚುವರಿ ಜಾಗಗಳನ್ನೆಲ್ಲ ಮುಗಿಸಿ ಕೊನೆಯ ಬಾಸ್, ಅಂದರೆ ದೊಡ್ಡ ಎದುರಾಳಿಯ ಹತ್ತಿರ ಹೋದರೆ ಅವನು ನಾಲ್ಕೇಟಿಗೆ ಬೀಳುತ್ತಾನೆ, ಆ ದೃಶ್ಯದ ಭಾರವೇ ಹೋಗುತ್ತದೆ. ದಯವಿಟ್ಟು ಮೊದಲು ಕಥೆ ಮುಗಿಸಿ.

ಕಾದಂಬರಿಗಳಲ್ಲಿ ರಾಬರ್ಟ್ ಜಾಕ್ಸನ್ ಬೆನೆಟ್ ಬರೆದ ದ ಟೇಂಟೆಡ್ ಕಪ್ ಓದಿ ಅಂತ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೇನೆ. 2024ರಲ್ಲಿ ಬಂದು ಮರುವರ್ಷ ಫ್ಯಾಂಟಸಿ, ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಗೆದ್ದ ಪುಸ್ತಕ. ಒಂದು ದೊಡ್ಡ ಬಂಗಲೆ, ಒಳಗೆ ಒಬ್ಬ ಅಧಿಕಾರಿಯ ಹೆಣ, ಆ ಹೆಣದ ಒಳಗಿಂದಲೇ ಮರಗಳು ಎದ್ದು ಛಾವಣಿ ಸೀಳಿಕೊಂಡು ಮೇಲೆ ಹೋಗಿವೆ. ತನಿಖೆಗೆ ಬರುವ ಹುಡುಗ ದಿನ್ ನೋಡಿದ್ದನ್ನೆಲ್ಲ ಮರೆಯದ ಹಾಗೆ ಮಾರ್ಪಾಡು ಮಾಡಿಸಿಕೊಂಡವನು, ನೆನಪುಗಳನ್ನು ವಾಸನೆಯ ಸೀಸೆಗಳಿಗೆ ಕಟ್ಟಿಹಾಕಿ ಇಟ್ಟುಕೊಳ್ಳುತ್ತಾನೆ. ಅವನ ಮೇಲಧಿಕಾರಿ ಆನಾ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಲ್ಲೇ ಗಂಟು ಬಿಡಿಸುತ್ತಾಳೆ. ಮಳೆಗಾಲ ಬಂತೆಂದರೆ ಸಮುದ್ರದಿಂದ ಬೆಟ್ಟದಷ್ಟು ಪ್ರಾಣಿಗಳು ಎದ್ದು ಬರುವ ದೇಶ ಅದು. ಆದ್ದರಿಂದ ಅಲ್ಲಿ ಗೋಡೆ ಕಟ್ಟುವ ಎಂಜಿನಿಯರ್‌ಗೆ ಸೈನಿಕನಷ್ಟೇ ಬೆಲೆ. ಇಂಥ ವಿಷಯ ಯೋಚಿಸಿ ಬರೆಯುವವರು ಎಷ್ಟು ಜನ ಇದ್ದಾರೆ ಹೇಳಿ.

ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ ವಿಂಡ್ ಅಂಡ್ ಟ್ರುತ್ ಬಗ್ಗೆ ಮಾತ್ರ ಮನಸ್ಸು ಎರಡಾಗಿದೆ. 2024ರ ಡಿಸೆಂಬರ್‌ನಲ್ಲಿ ಬಂದ, ಸ್ಟಾರ್ಮ್‌ಲೈಟ್ ಆರ್ಕೈವ್ ಸರಣಿಯ ಐದನೇ ಪುಸ್ತಕ, 1,300ಕ್ಕೂ ಜಾಸ್ತಿ ಪುಟ, ಕಥೆ ನಡೆಯುವುದು ಹತ್ತೇ ದಿನ. ಪಾತ್ರಗಳು ತಮ್ಮ ಮನಸ್ಸಿನ ನೋವನ್ನು ಇವತ್ತಿನ ಕೌನ್ಸೆಲಿಂಗ್ ಭಾಷೆಯಲ್ಲಿ ಬಿಡಿಸಿ ಹೇಳುತ್ತಲೇ ಇರುತ್ತವೆ, ಅದು ನನ್ನನ್ನು ಆ ಲೋಕದಿಂದ ಆಚೆ ತಳ್ಳಿತು. ಆದರೆ ಸೆಥ್ ಅನ್ನುವ ಪಾತ್ರದ ಬಾಲ್ಯ ಇದೆಯಲ್ಲ, ಕಲ್ಲನ್ನು ಪವಿತ್ರ ಅಂತ ಅದರ ಮೇಲೆ ಕಾಲಿಡದ ಜನ, ಕುರಿ ಕಾಯುವ ಹುಡುಗ, ಅವನ ಹುಲ್ಲುಗಾವಲಿನಲ್ಲಿ ಒಂದು ಕಲ್ಲು ಕಾಣಿಸಿಕೊಳ್ಳುತ್ತದೆ. ಒಂದು ಕಲ್ಲಿಗೆ ಇಡೀ ಮನೆ ತಲೆ ಕೆಡಿಸಿಕೊಳ್ಳುತ್ತದೆ. ಆ ಪುಟಗಳನ್ನು ಉಸಿರು ಬಿಗಿಹಿಡಿದು ಓದಿದೆ.

ಈಗ ಆಡುತ್ತಿರುವುದು ಹಾಲೋ ನೈಟ್: ಸಿಲ್ಕ್‌ಸಾಂಗ್. 2019ರಲ್ಲಿ ಘೋಷಣೆ ಆಗಿ 2025ರ ಸೆಪ್ಟೆಂಬರ್‌ನಲ್ಲಿ ಕೈಗೆ ಬಂದದ್ದು. ಕಷ್ಟ ಅಂದರೆ ಕಷ್ಟ, ಶುರುವಿನಲ್ಲೇ ಕೆಲವು ಏಟಿಗೆ ಎರಡೆರಡು ಜೀವ ಹೋಗುತ್ತದೆ. ಇದು ಜಾಸ್ತಿ ಆಯಿತು ಅನ್ನುವವರ ಮಾತು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಲೋಕ ನೋಡಿ. ಇಡೀ ರಾಜ್ಯದ ಹುಳುಗಳೆಲ್ಲ ಮೇಲಿನ ಪವಿತ್ರ ಕೋಟೆಗೆ ಯಾತ್ರೆ ಹೊರಟಿವೆ. ಅಲ್ಲಿ ದುಡ್ಡು ಅಂದರೆ ಜಪಮಣಿ. ಕೆಲವು ಕಡೆ ಕೂತು ಸುಧಾರಿಸಿಕೊಳ್ಳುವ ಬೆಂಚಿಗೂ ಮಣಿ ಹಾಕಬೇಕು. ಸುಸ್ತಾಗಿ, ಒಂದೇ ಜೀವ ಉಳಿಸಿಕೊಂಡು ಬೆಂಚಿನ ಮುಂದೆ ಬಂದು ನಿಂತಾಗ ಕೈಯಲ್ಲಿ ಮಣಿ ಸಾಲದಿದ್ದರೆ, ಆ ಕೋಟೆ ಯಾತ್ರಿಕರನ್ನು ಹೇಗೆ ಹಿಂಡಿತು ಅಂತ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆ ಯಾತ್ರಿಕರಲ್ಲಿ ಶೆರ್ಮಾ ಅಂತ ಒಬ್ಬ ಪುಟ್ಟ ಹುಳು. ಮುಚ್ಚಿದ ದೊಡ್ಡ ಬಾಗಿಲ ಮುಂದೆ ನಿಂತು ಗಂಟೆ ಬಡಿಯುತ್ತಾ ಹಾಡುತ್ತಿರುತ್ತಾನೆ. ನಾವು ಸುತ್ತಿ ಹೋಗಿ ಆಚೆಯಿಂದ ಲಿವರ್ ಎಳೆದು ಬಾಗಿಲು ತೆಗೆಯುತ್ತೇವೆ. ತನ್ನ ಹಾಡಿಗೇ ಬಾಗಿಲು ತೆರೆಯಿತು ಅಂತ ಅವನಿಗೆ ಎಷ್ಟು ಖುಷಿ. ಮುಂದೆ ಇನ್ನೂ ಕೆಲವು ಕಡೆ ಅವನು ಸಿಗುತ್ತಾನೆ, ಅದೇ ನಂಬಿಕೆ, ಅದೇ ಹಾಡು. ನಮ್ಮ ಆಯುಧವಾದ ಸೂಜಿಯನ್ನೇ ವಾದ್ಯ ಮಾಡಿ ನುಡಿಸುವ ಶಕ್ತಿ ಸಿಕ್ಕಿದ ಮೇಲೆ ಅವನ ಜೊತೆ ನಾವೂ ನುಡಿಸಬಹುದು. ಮುಂದೆ ಯಾವ ಬಾಸ್ ಕಾಯುತ್ತಿದ್ದರೂ ಸರಿ, ಅವನು ಸಿಕ್ಕರೆ ನಾನು ಸ್ವಲ್ಪ ಹೊತ್ತು ನಿಂತು ನುಡಿಸಿಯೇ ಹೋಗುತ್ತೇನೆ.