ಜಂತುಹುಳದ ಮಾತ್ರೆಯಿಂದ ಮಿದುಳು ಕೆಡುತ್ತದೆಯೇ?

ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ ಮಕ್ಕಳ ಮಿದುಳಿನ ರಾಸಾಯನಿಕಗಳನ್ನು ಕೆಡಿಸುತ್ತದೆ ಎಂಬ ಸಂದೇಶ ಆಗಾಗ ಮೊಬೈಲಿಗೆ ಬರುತ್ತದೆ. ಅದು ತಪ್ಪು. ಈ ಮಾತ್ರೆಯಲ್ಲಿರುವ ಔಷಧ ಆಲ್ಬೆಂಡಜೋಲ್. ಅದು ಹುಳದ ಜೀವಕೋಶಗಳ ಆಕಾರ ಹಿಡಿದಿಡುವ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಹುಳವು ಗ್ಲೂಕೋಸ್ ಹೀರದಂತೆ ತಡೆಯುತ್ತದೆ. ಔಷಧದ ಬಹುಪಾಲು ರಕ್ತಕ್ಕೆ ಸೇರದೆ ಕರುಳಲ್ಲೇ ಉಳಿಯುತ್ತದೆ.

ನಿಜಕ್ಕೂ ಹೆದರಬೇಕಾದ್ದು ಹುಳಕ್ಕೆ. ಶಿರಸಿಯ ಅಡಿಕೆ ತೋಟವಿರಲಿ, ಕಾರವಾರದ ಹಿತ್ತಲಿರಲಿ, ಮಲ ಸೇರಿದ ಒದ್ದೆ ಮಣ್ಣಲ್ಲಿ ಬರಿಗಾಲಲ್ಲಿ ಓಡಾಡಿದರೆ ಕೊಕ್ಕೆಹುಳದ ಮರಿ ಚರ್ಮ ತೂರಿ ಒಳಸೇರುತ್ತದೆ, ಬೆಳೆದು ಕರುಳಲ್ಲಿ ರಕ್ತ ಹೀರುತ್ತದೆ. ರಕ್ತದ ಜೊತೆ ಕಬ್ಬಿಣಾಂಶವೂ ಹೋಗುತ್ತದೆ. ಗಮನ, ಕಲಿಕೆಗೆ ನೆರವಾಗುವ ಡೋಪಮೈನ್ ಎಂಬ ರಾಸಾಯನಿಕವನ್ನು ಮಿದುಳು ತಯಾರಿಸಲು ಕಬ್ಬಿಣಾಂಶ ಬೇಕೇ ಬೇಕು. ಕಬ್ಬಿಣಾಂಶ ಕಡಿಮೆಯಾದರೆ ಮಗುವಿನ ಗಮನ, ಕಲಿಕೆ ಕುಗ್ಗಬಹುದು.

ಸಂದೇಶದಲ್ಲಿ ಔಷಧದ ಹೆಸರು, ಪ್ರಮಾಣ, ದಿನಾಂಕ ಇದೆಯೇ ನೋಡಿ. ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ವೈದ್ಯರನ್ನೋ ಕೇಳಿ. 1ರಿಂದ 2 ವರ್ಷದವರಿಗೆ 200 ಮಿ.ಗ್ರಾಂ, 2 ವರ್ಷ ದಾಟಿದ ಮಕ್ಕಳಿಗೆ 400. 3 ವರ್ಷದೊಳಗಿನವರಿಗೆ ಪುಡಿಮಾಡಿ ಕೊಡಿ, ದೊಡ್ಡ ಮಕ್ಕಳು ಅಗಿದು ತಿನ್ನಲಿ. ಫಿಟ್ಸ್ ಬರುವ ಮಗುವಾದರೆ ಮೊದಲೇ ವೈದ್ಯರಿಗೆ ತಿಳಿಸಿ: ಮಿದುಳಲ್ಲಿ ಲಾಡಿಹುಳದ ಮರಿಗಳಿದ್ದರೆ, ರಕ್ತಕ್ಕೆ ಸೇರುವ ಅಲ್ಪ ಔಷಧದಿಂದ ಅವು ಸಾಯುವಾಗ ಊತ ಬರಬಹುದು.