ಬಿಟ್ಟುಕೊಡು ಅಂತ ಯಾರು ಯಾರಿಗೆ ಹೇಳಬೇಕು?

ಕಳೆದ ಭಾನುವಾರ ಹುಬ್ಬಳ್ಳಿಯಲ್ಲಿ ನಮ್ಮ ಚರ್ಚಿನ ಆರಾಧನೆ ಮುಗಿದ ಮೇಲೆ ಒಂದು ಮಾತು ಕಿವಿಗೆ ಬಿತ್ತು. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಗಂಡ ತೀರಿಕೊಂಡು ಇನ್ನೂ ವರ್ಷ ತುಂಬದ ಒಬ್ಬ ತಂಗಿಗೆ ಸಭೆಯ ಹಿರಿಯರೊಬ್ಬರು ಬುದ್ಧಿ ಹೇಳುತ್ತಿದ್ದರು. "ಮನಿ ಮೈದುನಗ ಬಿಟ್ಟುಕೊಡವಾ. ಅಂಥಾ ಪೌಲನೇ ತನ್ನ ಹಕ್ಕು ಬಿಟ್ಟ, ನಿಂದೇನು?" ಪೌಲ ಅಂದರೆ ಊರೂರು ಅಲೆದು ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ, ಅವನ ಪತ್ರಗಳು ಬೈಬಲಿನಲ್ಲಿವೆ. ಅವಳು ಎರಡು ಮಕ್ಕಳ ಕೈ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದಳು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಹಕ್ಕು ಬಿಡುವುದು ಅಂದರೆ ಏನು ಅಂತ ನನಗೆ ಮೊದಲು ತೋರಿಸಿದವಳು ಅವ್ವ. ನಾನು ಸಣ್ಣವನಿದ್ದಾಗ ಧಾರವಾಡದ ಮಾಳಮಡ್ಡಿಯಲ್ಲಿ ಒಂದು ವಠಾರದಲ್ಲಿದ್ದೆವು. ಹಂಚಿನ ಮನೆ. ನಮ್ಮ ಅಡುಗೆಮನೆಗೂ ಪಕ್ಕದ ಅಜ್ಜಿಯ ಕೋಣೆಗೂ ನಡುವೆ ಒಂದೇ ಗೋಡೆ, ಅದೂ ಹಂಚಿನ ತನಕ ಮುಟ್ಟಿರಲಿಲ್ಲ. ಇಲ್ಲಿ ಮೆಣಸಿನಕಾಯಿ ಹುರಿದರೆ ಅಲ್ಲಿ ಕೆಮ್ಮು. ಅಜ್ಜಿಗೆ ಹೊಟ್ಟೆ ಆಪರೇಷನ್ ಆಗಿತ್ತು. ಮಾಂಸದ ವಾಸನೆ ಬಂದರೆ ಸಾಕು, ವಾಂತಿ. ಆದರೂ ಅವರು ಒಂದು ಮಾತು ಆಡಲಿಲ್ಲ. ಗೋಡೆಯಾಚೆಯ ಸದ್ದು ಕೇಳಿ ಅವ್ವನೇ ಒಲೆ ಮೇಲಿದ್ದ ಪಾತ್ರೆ ಇಳಿಸಿದಳು. ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಕೋಳಿ ಬೇಯಲಿಲ್ಲ. ಆ ವರ್ಷ ಕ್ರಿಸ್‌ಮಸ್‌ಗೂ ಕರ್ಚಿಕಾಯಿ, ಶಾವಿಗೆ ಪಾಯಸ ಅಷ್ಟೇ.

"ಏನವಾ, ನಿಮ್ಮ ಹಬ್ಬದಾಗ ವಾಸನಿನ ಇಲ್ಲಲ್ಲ?" ಅಂತ ಅಜ್ಜಿ ಕೇಳಿದ್ದರು.

"ಈ ಸಲ ಸಿಹಿ ಅಷ್ಟ ಮಾಡೇವ್ರಿ" ಅಂದಳು ಅವ್ವ.

ಮುಂದೆ ಬೇರೆ ಬಾಡಿಗೆ ಮನೆ ನೋಡಲು ಹೋದೆವು. ಮಾಲೀಕರು, ಮಾಂಸ ಬೇಯಿಸುವುದಿಲ್ಲ ಅಂತ ಬರೆದುಕೊಡಿ ಅಂದರು. ಅಪ್ಪ ಅಡ್ವಾನ್ಸ್ ದುಡ್ಡನ್ನು ವಾಪಸ್ ಜೇಬಿಗೆ ಹಾಕಿಕೊಂಡು ಎದ್ದ. ಅವನಿಗಿಂತ ಮೊದಲು ಅವ್ವ ಹೊಸ್ತಿಲು ದಾಟಿದ್ದಳು.

ಬೈಬಲಿನಲ್ಲಿ ಪೌಲ ಕೊರಿಂಥ ಊರಿನ ಸಭೆಗೆ ಬರೆದ ಮೊದಲ ಪತ್ರ ತೆಗೆದು ನೋಡಿ. 8ನೇ ಅಧ್ಯಾಯದಲ್ಲಿರುವುದೂ ಮಾಂಸದ ಮಾತೇ, ವಿಗ್ರಹಕ್ಕೆ ಅರ್ಪಿಸಿದ ಮಾಂಸ. ತಿಂದರೆ ತಪ್ಪಿಲ್ಲ ಅಂತ ಪೌಲನಿಗೆ ಗೊತ್ತು. ಆದರೆ ಅದರಿಂದ ತನ್ನ ಸಹೋದರ ಎಡವುತ್ತಾನೆ ಅಂದರೆ ತಾನು ಮಾಂಸವನ್ನೇ ಮುಟ್ಟುವುದಿಲ್ಲ ಅನ್ನುತ್ತಾನೆ. 9ನೇ ಅಧ್ಯಾಯದಲ್ಲಿ ತನ್ನ ಹಕ್ಕುಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಸ್ವಂತ ಖರ್ಚಿನಲ್ಲಿ ದಂಡಿಗೆ ಹೋಗುವ ಸಿಪಾಯಿ ಇದ್ದಾನಾ? ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಅಂತ ಮೋಶೆಯ ಧರ್ಮಶಾಸ್ತ್ರದಲ್ಲೇ ಇದೆಯಲ್ವಾ? ನಮ್ಮ ಕಡೆ ಹಂತಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಭೆಯಿಂದ ಊಟ, ಖರ್ಚು ಪಡೆಯುವುದು ತನ್ನ ಹಕ್ಕು ಅಂತ ಗಟ್ಟಿಯಾಗಿ ಹೇಳಿ, ಆಮೇಲೆ ನನಗದು ಬೇಡ ಅನ್ನುತ್ತಾನೆ. ಕೊರಿಂಥದಲ್ಲಿ ಅವನು ಅಕ್ವಿಲ, ಪ್ರಿಸ್ಕಿಲ್ಲ ಅನ್ನುವ ಗಂಡ ಹೆಂಡತಿಯ ಜೊತೆ ಗುಡಾರ ಮಾಡುವ ಕೆಲಸಕ್ಕೆ ಕೂತವನು. ಬಿಟ್ಟದ್ದು ತನ್ನದನ್ನು. ಜೊತೆಯ ಅಪೊಸ್ತಲ ಪೇತ್ರನಿಗೆ ನೀನೂ ಬಿಡು ಅನ್ನಲಿಲ್ಲ.

ಇದೇ ಪೌಲನನ್ನು ಫಿಲಿಪ್ಪಿ ಅನ್ನುವ ಊರಲ್ಲಿ ವಿಚಾರಣೆಯಿಲ್ಲದೆ ಹೊಡೆದು ಜೈಲಿಗೆ ಹಾಕಿದರು. ಮರುದಿನ ಗುಟ್ಟಾಗಿ ಹೊರಗೆ ಕಳಿಸಲು ನೋಡಿದಾಗ ಏನಂದ? ನಾವು ರೋಮಿನ ಪ್ರಜೆಗಳು, ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ ಅಂದ. ಮುಂದೆ ರೋಮಿನ ಚಕ್ರವರ್ತಿ ಕೈಸರನಿಗೇ ಅಪೀಲು ಹೋದ. ಈ ಭಾಗ ನಮ್ಮ ಪ್ರಸಂಗಗಳಲ್ಲಿ ಯಾಕೆ ಇಷ್ಟು ಕಡಿಮೆ ಬರುತ್ತದೆ?

ಇನ್ನು ಆ ತಂಗಿಯ ಮನೆಯ ವಿಷಯ. ಮನೆ ಅವಳ ಗಂಡನ ಹೆಸರಲ್ಲಿದೆ, ವಿಲ್ ಬರೆದಿಲ್ಲ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳಿಗೆ. ಮೈದುನನಿಗೆ ಏನೂ ಇಲ್ಲ. ಅವಳು ಬಿಟ್ಟರೆ ಬೀದಿಗೆ ಬರುವುದು ಆ ಮಕ್ಕಳು. ಶಿಷ್ಯರ ಕಾಲು ತೊಳೆಯಲು ಯೇಸು ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡದ್ದು ತಾನು ಗುರು, ಕರ್ತ ಅಂತ ಗೊತ್ತಿದ್ದೇ. ಬೋಗುಣಿಯನ್ನು ಒಬ್ಬ ವಿಧವೆಯ ಕೈಗೆ ಕೊಟ್ಟು, ನೀನು ತೊಳಿ ಅನ್ನಲಿಲ್ಲ. ಹಿರಿಯರ ಮೇಲೆ ನನಗೆ ಗೌರವ ಇದೆ. ಈ ಮಾತನ್ನು ಅವರ ಮನೆಗೇ ಹೋಗಿ ಹೇಳಿ ಬಂದಿದ್ದೇನೆ.

ನಾಡಿದ್ದು ಅವಳು ವಕೀಲರ ಹತ್ತಿರ ಹೋಗುತ್ತಿದ್ದಾಳೆ. ಅಂಗಡಿ ಮುಚ್ಚಿ ನಾನು, ನನ್ನ ಹೆಂಡತಿ ಜೊತೆಗೆ ಹೋಗುತ್ತೇವೆ. ಮಕ್ಕಳನ್ನು ಅವ್ವ ನೋಡಿಕೊಳ್ಳುತ್ತಾಳೆ. ಕರ್ಚಿಕಾಯಿಗೆ ಅಂತ ಈಗಲೇ ಕೊಬ್ಬರಿ ತುರಿದಿಟ್ಟಿದ್ದಾಳೆ.