ಸತ್ಯಾಂಶ: ರಬ್ಬರ್ ಶೂ ಹಾಕಿದರೆ ಸಿಡಿಲು ತಟ್ಟಲ್ವಾ?

‘ಮಳೆಯಲ್ಲೂ ಗಾಲ್ಫ್ ಆಡಬಹುದು, ಶೂ ಅಡಿ ರಬ್ಬರ್ ಇದ್ದರೆ ಸಿಡಿಲು ತಟ್ಟುವುದಿಲ್ಲ’ ಎಂಬ ಮಾತು ಮೆಸೇಜ್‌ಗಳಲ್ಲಿ ಓಡಾಡುತ್ತದೆ. ಮೊದಲ ಅರ್ಧ ಸರಿ. ಬರೀ ಮಳೆಯಾದರೆ ಜಾರದಂತೆ ನೋಡಿಕೊಂಡು ಆಡಿ. ಎರಡನೇ ಅರ್ಧ ತಪ್ಪು, ಜೀವಕ್ಕೇ ಕುತ್ತು ತರುವಂಥ ತಪ್ಪು.

ಸಿಡಿಲು ಕಿಲೋಮೀಟರ್‌ಗಟ್ಟಲೆ ಗಾಳಿಯನ್ನೇ ಸೀಳಿಕೊಂಡು ಬರುತ್ತದೆ. ಅದಕ್ಕೆ ಒಂದಿಂಚು ರಬ್ಬರ್ ಯಾವ ಲೆಕ್ಕ? ಬಯಲಲ್ಲಿ ನಿಂತಾಗ ಸುತ್ತಮುತ್ತ ನಾವೇ ಎತ್ತರ ಅಲ್ವಾ. ನೆಲದ ಮೂಲಕವೂ ಕರೆಂಟ್ ಹರಿಯುತ್ತದೆ.

1975ರ ಜೂನ್‌ನಲ್ಲಿ ಶಿಕಾಗೊ ಬಳಿ ನಡೆದ ವೆಸ್ಟರ್ನ್ ಓಪನ್ ಗಾಲ್ಫ್ ಟೂರ್ನಿಯಲ್ಲಿ ಲೀ ಟ್ರೆವಿನೊ ಸೇರಿ ಮೂವರು ಆಟಗಾರರಿಗೆ ಸಿಡಿಲು ಬಡಿಯಿತು. ಮೂವರೂ ಬದುಕಿದರು. ಆದರೆ ಟ್ರೆವಿನೊ ಬೆನ್ನಿಗೆ ಮುಂದೆ ಆಪರೇಷನ್ ಬೇಕಾಯಿತು. 1991ರ ಯುಎಸ್ ಓಪನ್ ಗಾಲ್ಫ್ ಟೂರ್ನಿಯಲ್ಲಿ ಮರದಡಿ ನಿಂತಿದ್ದ ಪ್ರೇಕ್ಷಕರೊಬ್ಬರ ಪ್ರಾಣವೇ ಹೋಯಿತು. ದಯವಿಟ್ಟು ಮರದ ಕೆಳಗೆ ಮಾತ್ರ ಓಡಬೇಡಿ.

ಗುಡುಗು ಕೇಳಿದ ಕೂಡಲೇ ಕಟ್ಟಡದೊಳಗೆ ಹೋಗಿ, ಇಲ್ಲವೇ ಕಾರಿನಲ್ಲಿ ಕೂತು ಗಾಜು ಏರಿಸಿ. ಕಾರು ಕಾಪಾಡುವುದು ಟೈರಿನಿಂದಲ್ಲ, ಲೋಹದ ಮೈಯಿಂದ. ಮೈದಾನದಲ್ಲಿ ಓಡಾಡುವ ತೆರೆದ ಪುಟ್ಟ ಗಾಡಿ, ಅಂದರೆ ಗಾಲ್ಫ್ ಕಾರ್ಟ್ ಸಾಲದು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಸಿಡಿಲಿನ ಭಯವಿದ್ದರೆ ಆಟ ನಿಲ್ಲಿಸಲು ಗಾಲ್ಫ್ ನಿಯಮವೇ ಒಪ್ಪುತ್ತದೆ, ಪೆನಾಲ್ಟಿ ಇಲ್ಲ.